ಟೈ ಕಟ್ಟದ ಅಪ್ಪನಿಗೊಂದು ಕಾರ್ಡು

ಜೂನ್ ತಿಂಗಳ ಮೂರನೇ ಭಾನುವಾರ ಬಂತೆಂದರೆ ನಮ್ಮ ಸಾಹಿತ್ಯದ ಗೆಳೆಯರಿಗೆ ಒಂದು ಕೆಲಸ ಸಿಗುತ್ತದೆ: ಅಪ್ಪಂದಿರ ದಿನವನ್ನು ಬೈಯುವುದು. ‘ಇದು ನಮ್ಮ ಸಂಸ್ಕೃತಿಯಲ್ಲ, ಅಂಗಡಿಯವರ ಹಬ್ಬ. ನಮಗೆ ದಿನವೂ ಅಪ್ಪನ ದಿನವೇ.’ ಈ ಸಲ ನಾನು ಮೈಸೂರಿನ ಹಾಸ್ಟೆಲ್ ಕೋಣೆಯಲ್ಲಿ ಅಪ್ಪನಿಗೆ ಕಾರ್ಡು ಮಡಚುತ್ತ ಕೂತಿದ್ದಾಗ ಕವಿತೆ ಬರೆಯುವ ಗೆಳೆಯನೊಬ್ಬ ಫೋನಿನಲ್ಲಿ ಇದನ್ನೇ ಹೇಳಿದ. ಹಾಗಾದರೆ ನಿಮ್ಮಪ್ಪನಿಗೆ ಕೊನೆಯ ಸಲ ಫೋನ್ ಮಾಡಿದ್ದು ಯಾವಾಗ ಎಂದು ಕೇಳಿದೆ. ಮೆಸ್ ಬಿಲ್ ಕಟ್ಟುವಾಗ ಅಂದ.

ವ್ಯಾಪಾರದ ದೂರು ಸುಳ್ಳಲ್ಲ. ಆದರೆ 1910ರಲ್ಲಿ ಅಮೆರಿಕದ ಸ್ಪೋಕೇನ್ ಊರಲ್ಲಿ ಸೊನೋರಾ ಸ್ಮಾರ್ಟ್ ಡಾಡ್ ಈ ದಿನವನ್ನು ಶುರುಮಾಡಿಸಿದ್ದು ತಾಯಿಯಿಲ್ಲದ ಮಕ್ಕಳನ್ನು ಸಾಕಿದ ತನ್ನ ಅಪ್ಪನಿಗಾಗಿ. ಇನ್ನು ಅಮ್ಮಂದಿರ ದಿನಕ್ಕಾಗಿ ಹೋರಾಡಿದ ಆನಾ ಜಾರ್ವಿಸ್ ಆಮೇಲೆ ಅಚ್ಚಿನ ಕಾರ್ಡು ಮಾರುವವರ ಮೇಲೇ ತಿರುಗಿಬಿದ್ದಳು. ನಿಮ್ಮ ಸಿಟ್ಟು ನಿಮಗಿಂತ ಹಳೆಯದು ಸ್ವಾಮಿ. ಅದು ಕೊಂಡ ಕಾರ್ಡಿನ ಮೇಲಿರಲಿ, ಕೂತು ಮಡಚಿದ್ದರ ಮೇಲೆ ಯಾಕೆ?

ಮಡಚುವವರ ಮೇಲೂ ನನ್ನದೊಂದು ತಕರಾರಿದೆ. ಅಪ್ಪನಿಗೆ ಕಾರ್ಡು ಮಾಡುವುದು ಹೇಗೆಂದು ಯಾವ ವಿಡಿಯೋ ನೋಡಿದರೂ ಅದೇ ಕಾಲರು, ಅದೇ ಟೈ, ಅದೇ ಮೀಸೆ. ನಮ್ಮಪ್ಪ ನಾಗಮಂಗಲ-ಮಂಡ್ಯ ರೂಟಿನ ಬಸ್ ಕಂಡಕ್ಟರ್. ಟೈ ಕಟ್ಟಿದ್ದನ್ನು ಮದುವೆ ಫೋಟೋದಲ್ಲೂ ಕಂಡಿಲ್ಲ. ಹಾಗಾಗಿ ಸಾದಾ ‘ಝಡ್’ ಮಡಿಕೆ ಹಿಡಿದೆ. ಎ4 ಅಳತೆಯ ಗಟ್ಟಿ ಕಾಗದವನ್ನು ಉದ್ದಕ್ಕೆ ಎರಡು ಸೀಳಿದರೆ 29.7 ಸೆಂಟಿಮೀಟರಿನ ಪಟ್ಟಿ. ಅದನ್ನು ಅರ್ಧಕ್ಕೆ ಮಡಚಿ, ಮೇಲಿನ ಅರ್ಧವನ್ನು ಮತ್ತೆ ಹೊರಗೆ ಮಡಚಿದರೆ ಮುಗಿಯಿತು. ಮುಗಿಯಲಿಲ್ಲ! ಕಾಗದಕ್ಕೂ ಎಳೆ ಇರುತ್ತದೆ, ಅಡ್ಡ ಮಡಚಿದರೆ ಅಂಚು ಬಿರಿಯುತ್ತದೆ. ಎರಡು ಹಾಳೆ ಕೆಟ್ಟವು. ಮೂರನೆಯದಕ್ಕೆ ಸ್ಕೇಲಿಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಚಮಚದ ಬೆನ್ನಿನಿಂದ ಉಜ್ಜಿದೆ. ಕೂತಿತು.

ಈಗ ಸಂಸ್ಕೃತಿಯ ಮಾತು. ತಾತನ ಟ್ರಂಕಿನಲ್ಲಿ ಅಪ್ಪ ಓದುವಾಗ ಬರೆದ ಇನ್‌ಲ್ಯಾಂಡ್ ಲೆಟರುಗಳಿವೆ. ‘ತೀರ್ಥರೂಪು ತಂದೆಯವರಿಗೆ’, ‘ಸಾಷ್ಟಾಂಗ ನಮಸ್ಕಾರಗಳು’, ‘ಉಭಯಕುಶಲೋಪರಿ’. ಆಮೇಲೆ ದುಡ್ಡಿನ ವಿಷಯ. ಎಲ್ಲದರಲ್ಲೂ ಇಷ್ಟೇ, ಎಲ್ಲರ ಮನೆಯದೂ ಇಷ್ಟೇ. ನಾವು ಹೆಮ್ಮೆಪಡುವ ಸಂಸ್ಕೃತಿ ಅಪ್ಪನ ಮುಂದೆ ಬಾಯಿ ಬಿಡದಿರಲು ಒಳ್ಳೆಯ ಪದಗಳನ್ನು ಹೊಂದಿಸಿಕೊಟ್ಟಿತ್ತು. ಆದರೆ ಒಂದು ಪತ್ರದಲ್ಲಿ ಅಂಟು ಹಚ್ಚುವ ಮಡಿಕೆಯ ಒಳಬದಿಗೆ, ಜಾಗವೇ ಇಲ್ಲದಲ್ಲಿ, ಸಣ್ಣದಾಗಿ ಬರೆದಿದ್ದಾರೆ: ‘ನಿಮ್ಮ ಕಾಲುನೋವು ಹೇಗಿದೆ? ಕನಸಿನಲ್ಲಿ ಬಂದಿದ್ದಿರಿ.’

ಆ ಸಾಲಿಗೆ ಪತ್ರದ ನಡುವೆ ಜಾಗವಿರಲಿಲ್ಲ, ಮಡಿಕೆಯಲ್ಲಿತ್ತು.

ನಾವು ಅಪ್ಪಂದಿರ ಬಗ್ಗೆ ಚೆನ್ನಾಗಿಯೇ ಬರೆಯುತ್ತೇವೆ, ತಿಥಿ ಮುಗಿದ ಮೇಲೆ. ಓದಲು ಎಲ್ಲರೂ ಇರುತ್ತಾರೆ, ಅವರೊಬ್ಬರನ್ನು ಬಿಟ್ಟು. ನನಗೆ ಹಾಗೆ ಬರೆಯಲು ಬೇಕಾದಷ್ಟು ಸರಕಿತ್ತು. ಪಿಯುಸಿಯಲ್ಲಿ ಒಂದು ದಿನ ಗೆಳತಿಯರ ಜೊತೆ ಹತ್ತಿದ್ದು ಅಪ್ಪನ ಬಸ್ಸಿಗೇ. ಖಾಕಿ ಶರ್ಟಿನ ಕಂಕುಳು ಒದ್ದೆಯಾಗಿತ್ತು, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟುಗಳು. ‘ಟಿಕೆಟ್’ ಅಂದರು. ನಾನು ಗುರುತಿಲ್ಲದವಳ ಹಾಗೆ ಪಾಸು ತೋರಿಸಿ ಕಿಟಕಿಯ ಕಡೆ ತಿರುಗಿದೆ. ಅವರು ಮುಂದಕ್ಕೆ ಹೋದರು. ಆರು ವರ್ಷವಾದರೂ ಮನೆಯಲ್ಲಿ ಆ ಮಾತು ಬಂದಿಲ್ಲ. ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ, ‘ಊಟ ಆಯ್ತಾ’ ಅನ್ನುವಲ್ಲಿಗೆ ನಿಂತಿತು.

ಕಾರ್ಡಿನ ಮೇಲೆ ‘ಅಪ್ಪ’ ಎಂದಷ್ಟೇ ಬರೆದೆ. ಅರ್ಧ ತೆರೆದರೆ ಕಾಣುವಲ್ಲಿ ಬಸ್ಸು (ಚಕ್ರ ಸೊಟ್ಟಗಾಯಿತು). ಒಳಗೆ, ಪೂರ್ತಿ ಬಿಚ್ಚಿದರೆ ಮಾತ್ರ ಕಾಣುವ ಜಾಗದಲ್ಲಿ, ಆ ದಿನದ ವಿಷಯ, ನಾಲ್ಕು ಸಾಲು. ಅಂಗಡಿ ಕಾರ್ಡಿನಲ್ಲಿ ಇದನ್ನು ಯಾರು ಅಚ್ಚು ಹಾಕಿಸಿರುತ್ತಾರೆ, ಹೇಳಿ?

ಭಾನುವಾರ ಊರಿಗೆ ಹೋಗಿ ಕೊಟ್ಟೆ. ನೋಟು ಮಡಚುವವರ ಹಾಗೆ ಮೊದಲು ಮಡಿಕೆಯ ಮೇಲೆ ಉಗುರು ಎಳೆದರು. ‘ಪೇಪರ್ ಬಲು ಗಟ್ಟಿ ಐತಲ್ಲವ್ವಾ’ ಅಂದರು. ಕನ್ನಡಕ ಹುಡುಕಿ ಹಾಕಿಕೊಂಡು ಬಿಚ್ಚಿದರು. ಓದಿ, ಮಡಚಿ, ಮತ್ತೆ ಬಿಚ್ಚಿದರು.

‘ಅವತ್ತು ನಿನ್ ಪಾಸಿನ ಡೇಟು ಮುಗ್ದೋಗಿತ್ತು ಕಣವ್ವಾ,’ ಅಂದರು. ‘ನಾನೇ ಸುಮ್ನಾದೆ.’