ಕೋಣೆಯ ಔಚಿತ್ಯ

ಕಾವ್ಯದ ಜೀವವೇ ಔಚಿತ್ಯವೆಂದು ವಾದಿಸಿದವನು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಕೊರಳಿಗೆ ಒಡ್ಯಾಣವನ್ನೂ ನಡುವಿಗೆ ಹಾರವನ್ನೂ ತೊಟ್ಟವರನ್ನು ಕಂಡರೆ ಯಾರು ತಾನೆ ನಗುವುದಿಲ್ಲ ಎಂಬುದು ಅವನ ವಾದದ ತಿರುಳು. ಒಡವೆಗಳೆರಡೂ ಒಳ್ಳೆಯವೇ, ಕೆಟ್ಟದ್ದು ಸ್ಥಾನ. ವರ್ಷ ವರ್ಷವೂ ತರಗತಿಯಲ್ಲಿ ಈ ಮಾತನ್ನು ವಿವರಿಸುತ್ತ ಬಂದ ನಾನು, ಜವಳಗೇರಾದ ನಮ್ಮ ಮನೆಯ ಪಡಸಾಲೆಯಲ್ಲಿ ಅದನ್ನು ಮರೆತೆನೆಂದು ಒಪ್ಪಿಕೊಳ್ಳಲೇಬೇಕಾಗಿದೆ.

ನಮ್ಮದು ಹಳೆಯ ಮಾಳಿಗೆಯ ಮನೆ. ಮೊಳಕ್ಕೂ ಮಿಗಿಲಾದ ದಪ್ಪದ ಮಣ್ಣಿನ ಗೋಡೆ. ಮೇಲೆ ತೊಲೆ, ಜಂತಿ, ಅವುಗಳ ಮೇಲೆ ಮಣ್ಣಿನ ಹೊದಿಕೆ. ರಾಯಚೂರು ಸೀಮೆಯ ಬೇಸಗೆ 40 ಡಿಗ್ರಿಯನ್ನು ಮೀರಿದಾಗಲೂ ಹೊರಗಿನ ಉರಿ ಈ ಗೋಡೆಯನ್ನು ದಾಟಿ ಒಳಬರಲು ಇಡೀ ಹಗಲು ಬೇಕು. ಕಿಟಕಿಗಳಿಲ್ಲ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲಕೋಲೇ ಹಗಲಿನ ದೀಪ. ಸುಣ್ಣದ ಗೋಡೆ ಆ ಅಲ್ಪ ಬೆಳಕನ್ನೇ ಮೂಲೆಮೂಲೆಗೂ ಹಂಚುತ್ತದೆ. ಜಮಖಾನೆ, ಕಂಬಳಿ, ಗಿಡ್ಡ ಹೊರಸು ಎಲ್ಲವೂ ನೆಲಕ್ಕೆ ಹತ್ತಿರ. ಆದುದರಿಂದ ಕಣ್ಣು ಯಾವ ಅಡ್ಡಿಯೂ ಇಲ್ಲದೆ ತೊಲೆಯವರೆಗೆ ಏರುತ್ತದೆ. ಕೋಣೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಜೋಳ, ಹತ್ತಿಯ ಈ ನಾಡಿಗೆ ಭತ್ತವನ್ನು ತಂದಿತು. ಭತ್ತದ ಹಣ ಸಿಮೆಂಟಿನ ಮನೆಗಳನ್ನು ತಂದಿತು. ಅವುಗಳ ಬೈಠಕ್‌ಖಾನೆಗಳನ್ನು ನೋಡಿ ನನಗೂ ಆಸೆ ಹುಟ್ಟಿತು. ಸಿಂಧನೂರಿನಿಂದ ದೊಡ್ಡ ಸೋಫಾ ಬಂದಿತು, ಗಾಜಿನ ಕಪಾಟು ಬಂದಿತು, ಗೋಡೆಗೆ ಮಿರುಗುವ ಹಸಿರು ಎಣ್ಣೆಬಣ್ಣವೂ ಬಂದಿತು. ಹೊರಸು ದನದ ಕೊಟ್ಟಿಗೆ ಸೇರಿತು.

ಮಳೆಗಾಲದಲ್ಲಿ ಗೋಡೆ ಕುಡಿದ ನೀರು ಎಣ್ಣೆಬಣ್ಣದ ಹಿಂದೆ ಸಿಕ್ಕಿಕೊಂಡು, ಬಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಉದುರಿತು. ಅದು ಸಣ್ಣ ನಷ್ಟ. ಬೆಳಕಿಂಡಿಯ ಕೆಳಗೆ ಹೊರಸಿನ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದ ಅವ್ವ, ಸೋಫಾದ ಮುಂದೆ ಸೂಜಿ ಹಿಡಿದು ನಿಂತು ಕೇಳಿದಳು: “ಬೆಳಕಿನಾಗ ಇದನ್ನ ಇಟ್ಟೀಯಲ್ಲಪಾ, ನಾ ಎಲ್ಲಿ ಕುಂತು ದಾರ ಪೋಣಸ್ಲಿ?”

ಉತ್ತರ ತೋಚದೆ ನಾನು ತಲೆ ತಗ್ಗಿಸಿದಾಗ ಕಣ್ಣಿಗೆ ಬಿದ್ದದ್ದು ಅವಳು ಉಟ್ಟಿದ್ದ ಇಳಕಲ್ಲ ಸೀರೆ. ಅದರ ಒಡಲು ವಿಶಾಲವಾದ ಒಂದೇ ಗಂಭೀರ ವರ್ಣ. ಅಂಚು ಅದಕ್ಕೆ ಎಲ್ಲೆ. ಸೆರಗಿನಲ್ಲಿ ಮಾತ್ರ ಕೆಂಪು ರೇಷ್ಮೆಯ ಮೇಲೆ ಬಿಳಿಯ ತೆನೆಗಳ ಸಂಭ್ರಮ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಕೊಂಡಿಯಾಗಿ ಕೂಡಿಸಿ ನೇಯುವುದೇ ಆ ನೇಕಾರರ ಜಾಣ್ಮೆ. ಒಂದು ಆಳಬೇಕು, ಒಂದು ಅಂಕೆಯಲ್ಲಿಡಬೇಕು, ಒಂದು ಮಾತ್ರ ಮೆರೆಯಬೇಕು. ನಾನಾದರೋ ಒಡಲಿಲ್ಲದೆ ಮೂರು ಸೆರಗುಗಳನ್ನು ತಂದು ಕೋಣೆಗೆ ಸುತ್ತಿದ್ದೆ!

ಸೋಫಾ ಈಗ ತಮ್ಮನ ಸಿಮೆಂಟಿನ ಮನೆಯಲ್ಲಿದೆ. ಅಲ್ಲಿಯ ಅಗಲ ಕಿಟಕಿಗಳ ನಡುವೆ ಚೆನ್ನಾಗಿಯೇ ಒಪ್ಪುತ್ತದೆ. ನಮ್ಮ ಗೋಡೆ ಬಣ್ಣ ಕೆರೆಸಿಕೊಂಡು ಮತ್ತೆ ಸುಣ್ಣ ಕಂಡಿದೆ. ಮೆರೆಯುವುದಕ್ಕೆ ಮಾಡದಲ್ಲಿ ಕಿನ್ನಾಳದ ಬಣ್ಣದ ಗೊಂಬೆ ಒಂದಿದೆ, ಎರಡನೆಯದನ್ನು ತಂದಿಲ್ಲ. ಕೋಣೆಯನ್ನು ಸಿಂಗರಿಸಹೊರಟ ಓದುಗರು ಅಂಗಡಿಗೆ ಹೋಗುವ ಮುನ್ನ ಒಂದು ದಿನವಾದರೂ ಸುಮ್ಮನೆ ಕುಳಿತು ನೋಡಬೇಕು: ಬೆಳಕು ಎಲ್ಲಿಂದ ಬರುತ್ತದೆ, ಗೋಡೆ ಯಾವುದನ್ನು ತಾಳುತ್ತದೆ, ಮನೆಯವರು ಎಲ್ಲಿ ಕುಳಿತು ಏನು ಮಾಡುತ್ತಾರೆ? ಹಣ ಬಿಚ್ಚುವ ಮಾತು ಆಮೇಲಿನದು.

ಹೊರಸು ಬೆಳಕಿಂಡಿಯ ಕೆಳಗೆ ಮರಳಿದೆ. ಅದರ ಸುತ್ತ ಅಷ್ಟು ಜಾಗವನ್ನು ಬರಿದೆ ಏಕೆ ಬಿಟ್ಟಿರಿ ಎಂದು ಬಂದವರು ಕೇಳುವುದುಂಟು. ಹೊತ್ತು ಏರಿದಂತೆ ಬಿಸಿಲಕೋಲು ಸರಿಯುತ್ತದೆ; ಅದರ ಬೆನ್ನ ಹಿಂದೆಯೇ ಅವ್ವನೂ ತನ್ನ ಹೊರಸನ್ನು ಸರಿಸಿಕೊಳ್ಳುತ್ತಾಳೆ.