ರಣಹದ್ದಿನ ಸಂಬಳ ಎಷ್ಟು?

ರಾಮನಗರದ ರಾಮದೇವರ ಬೆಟ್ಟ ಎಂದೊಡನೆ ಅಪ್ಪ-ಅಮ್ಮಂದಿರಿಗೆ ನೆನಪಾಗುವುದು 1975ರ ‘ಶೋಲೆ’ ಚಿತ್ರ. ಅಲ್ಲಿನ ಕಡಿದಾದ ಬಂಡೆಗಳ ಸಂದಿನಲ್ಲಿ ವಾಸಿಸುವ ಇನ್ನೊಂದು ಸಂಸಾರದ ನೆನಪು ಬರುವುದು ಕೆಲವರಿಗೆ ಮಾತ್ರ. ಅದು ಉದ್ದ ಕೊಕ್ಕಿನ ರಣಹದ್ದಿನದು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಈ ಹಕ್ಕಿಗಾಗಿ 2012ರಲ್ಲಿ ಸರ್ಕಾರ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ಆ ಹೊತ್ತಿಗಾಗಲೇ ಅವುಗಳ ಸಂಖ್ಯೆ ತೀರ ಇಳಿದಿತ್ತು.

ಸತ್ತ ದನ ತಿನ್ನುವ ಹಕ್ಕಿಗೆ ಇಷ್ಟೊಂದು ಜಾಗವೇಕೆ? ಇದಕ್ಕೆ ಉತ್ತರ ಕೊಟ್ಟವರಲ್ಲಿ ಪ್ರಾಣಿಶಾಸ್ತ್ರಜ್ಞರಷ್ಟೇ ಅಲ್ಲ, ಅರ್ಥಶಾಸ್ತ್ರಜ್ಞರೂ ಇದ್ದಾರೆ.

1990ರ ದಶಕದಲ್ಲಿ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಅಗ್ಗವಾಯಿತು. ಕುಂಟುವ ಎತ್ತಿಗೆ, ಕೆಚ್ಚಲು ಬಾತ ಹಸುವಿಗೆ ಅದನ್ನು ಕೊಡುವುದು ರೂಢಿಯಾಯಿತು. ರೈತನಿಗೆ ಅದು ಉಪಕಾರವೇ. ಆದರೆ ಔಷಧ ಪಡೆದ ಕೂಡಲೇ ದನ ಸತ್ತರೆ, ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಹಕ್ಕಿ ಸಾಯುತ್ತಿತ್ತು. ಹಿಂಡು ಹಿಂಡಾಗಿ ತಿನ್ನುವ ಹಕ್ಕಿಗಳಿಗೆ ಒಂದೇ ಹೆಣ ಸಾಕು. ಕಾರಣ ಖಚಿತವಾಗಿ ಪ್ರಕಟವಾದದ್ದು 2004ರಲ್ಲಿ. 2006ರಲ್ಲಿ ಭಾರತ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ದೇಶದ ಪ್ರಮುಖ ರಣಹದ್ದು ಜಾತಿಗಳಲ್ಲಿ ಶೇ. 95ಕ್ಕೂ ಹೆಚ್ಚು ಹಕ್ಕಿಗಳು ಅಳಿದಿದ್ದವು.

ಮುಂದೇನಾಯಿತು? ಹೆಣಗಳು ಕೊಳೆತವು, ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು, ಅವುಗಳೊಡನೆ ಹುಚ್ಚುನಾಯಿ ರೋಗದ ಭಯವೂ ಹೆಚ್ಚಿತು. ಇದರ ಬೆಲೆಯನ್ನು ಲೆಕ್ಕ ಹಾಕಿದವರು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್. ಅವರ ಅಧ್ಯಯನ 2024ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಉಪಾಯ ಸರಳ. ರಣಹದ್ದುಗಳು ಮೊದಲಿನಿಂದ ಹೆಚ್ಚಾಗಿದ್ದ ಜಿಲ್ಲೆಗಳು ಒಂದು ಕಡೆ, ಅವು ಅಷ್ಟಾಗಿ ಇಲ್ಲದ ಜಿಲ್ಲೆಗಳು ಇನ್ನೊಂದು ಕಡೆ. ಔಷಧ ಅಗ್ಗವಾಗುವ ಮುಂಚೆ ಮತ್ತು ಅನಂತರ ಎರಡೂ ಕಡೆ ಜನರ ಮರಣ ಪ್ರಮಾಣ ಹೇಗೆ ಬದಲಾಯಿತೆಂದು ಹೋಲಿಸಿದರು. ಹಕ್ಕಿ ಕಳೆದುಕೊಂಡ ಜಿಲ್ಲೆಗಳಲ್ಲಿ ಮರಣ ಪ್ರಮಾಣ ಶೇ. 4ಕ್ಕಿಂತ ಹೆಚ್ಚು ಏರಿತ್ತು. 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು. ನಷ್ಟ ವರ್ಷಕ್ಕೆ ಸುಮಾರು 6,940 ಕೋಟಿ ಡಾಲರ್ ಎಂಬುದು ಅವರ ಅಂದಾಜು.

ಔಷಧದ ಬಾಟಲಿಯ ಮೇಲೆ ಮುದ್ರಿಸಿದ್ದ ಬೆಲೆಯಲ್ಲಿ ಈ ಲೆಕ್ಕ ಇರಲಿಲ್ಲ. ಅಂಗಡಿಯವನು ಮೋಸ ಮಾಡಲಿಲ್ಲ, ರೈತನೂ ತಪ್ಪು ಮಾಡಲಿಲ್ಲ. ಸಂಬಳವಿಲ್ಲದೆ ಊರು ಗುಡಿಸುತ್ತಿದ್ದ ಹಕ್ಕಿಯ ಹೆಸರು ಯಾರ ಜಮಾಖರ್ಚಿನಲ್ಲೂ ಇರಲಿಲ್ಲ, ಅಷ್ಟೆ. ಮಾರುಕಟ್ಟೆಯ ಪುಸ್ತಕದಿಂದ ಬಿಟ್ಟುಹೋದ ಇಂಥ ಸಾಲುಗಳನ್ನು ಹುಡುಕಿ ಬರೆಯುವುದು ಪರಿಸರ ಅರ್ಥಶಾಸ್ತ್ರದ ಕೆಲಸ. ಆ ಲೆಕ್ಕ ಪರಿಹಾರಕ್ಕೂ ದಾರಿ ತೋರುತ್ತದೆ. ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಎಂಬ ಬದಲಿ ಔಷಧ ಇದೆ. ಅದಕ್ಕೆ ನಾಲ್ಕು ಕಾಸು ಹೆಚ್ಚು ತೆತ್ತರೂ ಊರಿಗೆ ಲಾಭವೇ.

‘ಇದನ್ನು ಓದಿದರೆ ಮುಂದೇನು?’ ಎಂದು ಪೋಷಕರು ಕೇಳುವುದು ಸಹಜ. ಡಾ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ, ನಾಗರಭಾವಿಯ ‘ಐಸೆಕ್’ ಸಂಸ್ಥೆಯಲ್ಲಿ ಪರಿಸರ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಕೇಂದ್ರವಿದೆ, ಪಿಎಚ್.ಡಿ.ಗೂ ಅವಕಾಶವಿದೆ. ಬೇಕಾದ ಬಂಡವಾಳ ಗಣಿತ, ಸಂಖ್ಯಾಶಾಸ್ತ್ರ ಮತ್ತು ಊರನ್ನು ಕಣ್ಣು ಬಿಟ್ಟು ನೋಡುವ ಅಭ್ಯಾಸ.

ಅಭ್ಯಾಸವನ್ನು ಇವತ್ತೇ ಶುರು ಮಾಡಬಹುದು. ಮಾಗಡಿ, ಕನಕಪುರ, ಚನ್ನಪಟ್ಟಣದ ಹಳ್ಳಿಗಳ ಹುಡುಗ ಹುಡುಗಿಯರು ತಮ್ಮ ಅಜ್ಜನನ್ನೋ ಅಜ್ಜಿಯನ್ನೋ ಮೂರು ಪ್ರಶ್ನೆ ಕೇಳಲಿ: ಆಗ ಸತ್ತ ದನವನ್ನು ಎಲ್ಲಿ ಹಾಕುತ್ತಿದ್ದರು? ಅದನ್ನು ಯಾರು ತಿನ್ನುತ್ತಿದ್ದರು? ಈಗ ಯಾರು ತಿನ್ನುತ್ತಾರೆ? ಉತ್ತರಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಅದೇ ಮೊದಲ ಸಂಶೋಧನೆ.