ಗಾಜಿನ ನಳಿಕೆಯಲ್ಲಿ ಬಿದಿರ ಹೂವು

ಆಲೂಗಡ್ಡೆಗೂ ಟೊಮೆಟೊಗೂ ಮದುವೆ ಮಾಡಿಸಬಹುದೇ? 1978ರಲ್ಲಿ ಜರ್ಮನಿಯ ವಿಜ್ಞಾನಿ ಮೆಲ್ಚರ್ಸ್ ಮಾಡಿಸಿಯೇ ಬಿಟ್ಟರು! ಎರಡೂ ಗಿಡಗಳ ಜೀವಕೋಶಗಳ ಹೊರಗೋಡೆಯನ್ನು ಕಿಣ್ವಗಳಿಂದ ಕರಗಿಸಿ, ಕೋಶಗಳನ್ನು ಒಂದಕ್ಕೊಂದು ಬೆಸೆದು ಗಿಡ ಬೆಳೆಸಿದರು. ಹೂವು, ಪರಾಗ ಯಾವುದೂ ಬೇಕಾಗಲಿಲ್ಲ. ಆದರೆ ಆ ‘ಪೊಮ್ಯಾಟೊ’ ನಮ್ಮ ಅಡುಗೆಮನೆಗೆ ಬರಲೇ ಇಲ್ಲ. ಸಂಕರ ತಳಿಗೆ ಇಂದಿಗೂ ಹೆಚ್ಚಾಗಿ ಹೂವೇ ದಾರಿ.

ಬಿದಿರಿನ ತೊಡಕು ಇರುವುದು ಇಲ್ಲೇ. ಹೆಬ್ಬಿದಿರು ಹೂಬಿಡುವುದು 40-50 ವರ್ಷಕ್ಕೊಮ್ಮೆ. ಬೀಜ ಉದುರಿಸಿ ಮೆಳೆಗೆ ಮೆಳೆಯೇ ಒಣಗುತ್ತದೆ. ಬಿದಿರಕ್ಕಿ ಕಂಡರೆ ಬರಗಾಲವೆಂದು ಹಿರಿಯರು ಹೆದರುತ್ತಿದ್ದರು. ಬುಟ್ಟಿ, ಮೊರ ಹೆಣೆಯುವ ಮೇದರಿಗಂತೂ ಅದು ಹೊಟ್ಟೆಪಾಡಿನ ಪ್ರಶ್ನೆ. ಇನ್ನು ಒಳ್ಳೆಯ ತಳಿಗಾಗಿ ಎರಡು ಜಾತಿಯ ಬಿದಿರನ್ನು ಕೂಡಿಸಬೇಕೆಂದರೆ, ಎರಡೂ ಒಟ್ಟಿಗೆ ಹೂಬಿಡುವಷ್ಟರಲ್ಲಿ ಸಂಶೋಧಕರ ಆಯುಷ್ಯವೇ ಮುಗಿದೀತು!

ಈ ಗಂಟನ್ನು ಸಡಿಲಿಸಿದವರು ದೂರದವರಲ್ಲ. ನಮ್ಮ ನಿಗಡಿಯಿಂದ ಪುಣೆಯತ್ತ ಹೋದರೆ ಪಾಷಾಣದಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ. ಅಲ್ಲಿಯ ರಜನಿ ನಾಡಗೌಡ, ಪರಾಶರಾಮಿ, ಮಸ್ಕರೇನಸ್ ಅವರು ಬಿದಿರಿನ ಎಳೆಯ ಸಸಿಗಳನ್ನು ಗಾಜಿನ ನಳಿಕೆಯಲ್ಲಿಟ್ಟು, ತೆಂಗಿನಕಾಯಿಯ ನೀರು ಹಾಗೂ ಸಸ್ಯ ಹಾರ್ಮೋನು ಬೆರೆಸಿದ ಆಹಾರ ಕೊಟ್ಟರು. ಕೆಲವೇ ತಿಂಗಳಲ್ಲಿ ಹೂವರಳಿತು, ಬೀಜವೂ ಕಟ್ಟಿತು! 1990ರ ಮಾರ್ಚಿನಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿದಾಗ ಜಗತ್ತೇ ಇತ್ತ ತಿರುಗಿ ನೋಡಿತು.

ಮದುವೆಗೆ ಮುಹೂರ್ತ ಕೂಡಿಬರಬೇಕು ಎನ್ನುತ್ತೇವೆ. ಇವರು ಬಿದಿರಿನ ಮುಹೂರ್ತವನ್ನೇ ಅರ್ಧ ಶತಮಾನ ಹಿಂದಕ್ಕೆ ಎಳೆದು ತಂದರು. ಮುಂದಿನ ಸಲ ಮಂಡಈಯಲ್ಲಿ ಮೊರ ಕೊಳ್ಳುವಾಗ ಈ ಮಾತು ನೆನಪಿರಲಿ.